ರಾತ್ರಿ ಮೂರು ಗಂಟೆಯ ಲೆಕ್ಕ

ಹೂಡಿಕೆಯಲ್ಲಿ ನೀವು ಮಾಡಿದ ಅತಿ ದುಬಾರಿ ತಪ್ಪು ಯಾವುದು ಅಂತ ಯಾರಾದರೂ ಕೇಳಿದರೆ ನಾನು ಯಾವುದೋ ಷೇರಿನ ಹೆಸರು ಹೇಳುವುದಿಲ್ಲ. ಒಂದು ಹೊತ್ತನ್ನು ಹೇಳುತ್ತೇನೆ: 2020ರ ಮಾರ್ಚ್ 20, ಶುಕ್ರವಾರ, ಬೆಳಗಿನ ಜಾವ ಮೂರು ಗಂಟೆ.

ಆ ದಿನಗಳು ನಿಮಗೂ ನೆನಪಿರಬೇಕು. ಫೆಬ್ರವರಿ 19ರಂದು ದಾಖಲೆ ಎತ್ತರದಲ್ಲಿದ್ದ ಎಸ್ ಅಂಡ್ ಪಿ 500 ಒಂದೇ ತಿಂಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಮಾರ್ಚ್ 9ರಿಂದ 18ರ ಒಳಗೆ ನಾಲ್ಕು ಸಲ ಸರ್ಕ್ಯೂಟ್ ಬ್ರೇಕರ್ ಬಿದ್ದು ವಹಿವಾಟು ನಿಂತಿತ್ತು. 22ರಿಂದ ಭಾರತಕ್ಕೆ ಅಂತಾರಾಷ್ಟ್ರೀಯ ವಿಮಾನಗಳು ಇಳಿಯುವುದಿಲ್ಲ ಅಂತ ಹಿಂದಿನ ದಿನವಷ್ಟೇ ಪ್ರಕಟವಾಗಿತ್ತು. ಅಪ್ಪ ಅಮ್ಮ ಮೈಸೂರಿನಲ್ಲಿ, ನಾವು ನ್ಯೂಜೆರ್ಸಿಯಲ್ಲಿ.

ಎಚ್ಚರವಾಯಿತು. ಕೈ ತಾನಾಗಿಯೇ ಫೋನಿಗೆ ಹೋಯಿತು. ನಮ್ಮಂಥವರಿಗೆ ಒಂದು ವಿಶೇಷ ಶಿಕ್ಷೆ ಇದೆ, ಗಮನಿಸಿದ್ದೀರಾ? ಅಮೆರಿಕದ ಪೂರ್ವ ಕರಾವಳಿಯಲ್ಲಿ ರಾತ್ರಿ ಮೂರು ಗಂಟೆ ಆದಾಗ ಊರಿನಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಇಲ್ಲಿಯ ಮಾರುಕಟ್ಟೆ ಮಲಗಿದ್ದರೂ ಅಲ್ಲಿಯದು ಎದ್ದು ಕೂತಿರುತ್ತದೆ. ಇಲ್ಲಿಯವರಿಗೆ ಗಾಬರಿ ಬೀಳಲು ಒಂದೇ ಮಾರುಕಟ್ಟೆ, ನಮಗೆ ಎರಡು. ನಿಫ್ಟಿ ನೋಡಿದೆ, ಅಮೆರಿಕದ ಫ್ಯೂಚರ್ಸ್ ನೋಡಿದೆ, ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ವಿಡಿಯೋ ನೋಡಿದೆ. ಆಮೇಲೆ 401(ಕೆ) ಖಾತೆಗೆ ಲಾಗಿನ್ ಆಗಿ, ಇಂಡೆಕ್ಸ್ ಫಂಡ್‌ನಲ್ಲಿದ್ದ 38,000 ಡಾಲರನ್ನು ಮನಿ ಮಾರ್ಕೆಟ್ ಫಂಡಿಗೆ ವರ್ಗಾಯಿಸುವ ಗುಂಡಿ ಒತ್ತಿದೆ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ನಿದ್ದೆಯೂ ಬಂತು.

ಆ ಆದೇಶ ಜಾರಿಯಾದದ್ದು ಶುಕ್ರವಾರದ ಮುಕ್ತಾಯದ ಬೆಲೆಗೆ. ಸೋಮವಾರ ಮಾರುಕಟ್ಟೆ ಮತ್ತೆ ಬಿತ್ತು, ನಾನು ನನ್ನ ಬೆನ್ನು ತಟ್ಟಿಕೊಂಡೆ. ಆ ಸೋಮವಾರವೇ ತಳ. ಮಂಗಳವಾರ ಒಂದೇ ದಿನ ಶೇ. 9ಕ್ಕೂ ಹೆಚ್ಚು ಏರಿತು. ಇದು ಸುಳ್ಳು ಏರಿಕೆ, ಮತ್ತೆ ಬೀಳುತ್ತದೆ, ಆಗ ಕೊಳ್ಳೋಣ ಅಂತ ಕಾದೆ. ಏಪ್ರಿಲ್ ಹೋಯಿತು, ಜೂನ್ ಹೋಯಿತು. ಆಗಸ್ಟ್ 18ರಂದು ಸೂಚ್ಯಂಕ ಫೆಬ್ರವರಿಯ ಎತ್ತರವನ್ನೂ ದಾಟಿದ ಮೇಲೆ ತಲೆ ತಗ್ಗಿಸಿಕೊಂಡು ವಾಪಸ್ ಹೋದೆ. ಸುಮ್ಮನೆ ಬಿಟ್ಟಿದ್ದರೆ ಆ 38,000 ಅಷ್ಟು ಹೊತ್ತಿಗೆ ಸುಮಾರು 56,000 ಆಗಿರುತ್ತಿತ್ತು. ಹದಿನೆಂಟು ಸಾವಿರ ಡಾಲರ್. ಆಗಿನ ದರದಲ್ಲಿ ಹದಿಮೂರು ಲಕ್ಷ ರೂಪಾಯಿಗೂ ಹೆಚ್ಚು. ಒಂದು ಗುಂಡಿಗೆ.

ನನಗೆ ಗೊತ್ತಿರಲಿಲ್ಲವೇ? ಎಲ್ಲ ಗೊತ್ತಿತ್ತು. ಕುಸಿತದಲ್ಲಿ ಮಾರಬಾರದು ಅಂತ ಎಷ್ಟು ಜನಕ್ಕೆ ಉಪದೇಶ ಮಾಡಿದ್ದೆನೋ. ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲೇ ಬರೆದದ್ದನ್ನು, ನೂರು ರೂಪಾಯಿ ಗಳಿಸಿದ ಸಂತೋಷಕ್ಕಿಂತ ನೂರು ರೂಪಾಯಿ ಕಳಕೊಂಡ ನೋವು ದೊಡ್ಡದು ಅನ್ನುವುದನ್ನು, ಊಟದ ಟೇಬಲ್ಲಿನಲ್ಲಿ ಉದಾಹರಣೆ ಸಮೇತ ವಿವರಿಸುತ್ತಿದ್ದವನು ನಾನು. ಆ ರಾತ್ರಿ ತಪ್ಪು ಮಾಡಿದ್ದು ನನ್ನ ತಿಳಿವಳಿಕೆ ಅಲ್ಲ, ನನ್ನ ದೇಹ. ಎದೆ ಹೊಡೆದುಕೊಳ್ಳುತ್ತಿತ್ತು, ಅದನ್ನು ನಿಲ್ಲಿಸಬೇಕಿತ್ತು. ಮಾರಾಟದ ಗುಂಡಿಯನ್ನು ನಾನು ಹಣ ಉಳಿಸಲು ಒತ್ತಲಿಲ್ಲ, ಎದೆಬಡಿತ ನಿಲ್ಲಿಸಲು ಒತ್ತಿದೆ. ಹದಿನೆಂಟು ಸಾವಿರ ಡಾಲರಿನ ನಿದ್ದೆಮಾತ್ರೆ ಅದು.

ಇದು ನನಗೆ ಅರ್ಥವಾಗಲು ಇನ್ನೂ ಎರಡು ವರ್ಷ ಬೇಕಾಯಿತು.

ಉಸಿರಾಡ್ತಿದೀರಾ ಇಲ್ವಾ?

2022. ವರ್ಷಪೂರ್ತಿ ಮಾರುಕಟ್ಟೆ ಇಳಿಯುತ್ತಲೇ ಇತ್ತು. ಶರತ್ಕಾಲದ ಹೊತ್ತಿಗೆ ದೊಡ್ಡ ಟೆಕ್ ಕಂಪನಿಗಳ ಲೇಆಫ್ ಸುದ್ದಿ ಶುರುವಾಯಿತು. ಒಂದು ರಾತ್ರಿ ನಾನು ಹಾಸಿಗೆಯಲ್ಲಿ ಫೋನ್ ನೋಡುತ್ತಾ ಮಲಗಿದ್ದಾಗ ಪಕ್ಕದಿಂದ ಹೆಂಡತಿ ಕೇಳಿದಳು: "ಉಸಿರಾಡ್ತಿದೀರಾ ಇಲ್ವಾ?"

ತಮಾಷೆಗೆ ಕೇಳಿದ್ದಲ್ಲ. ಅವಳು ಸ್ವಲ್ಪ ಹೊತ್ತಿನಿಂದ ಗಮನಿಸುತ್ತಿದ್ದಳಂತೆ. ನಾನು ಪರದೆ ನೋಡುವಾಗ ಉಸಿರು ಬಿಗಿಹಿಡಿಯುತ್ತೇನೆ, ಆಮೇಲೆ ಚಿಕ್ಕಚಿಕ್ಕದಾಗಿ ಎರಡು ಸಲ ಎಳೆದುಕೊಳ್ಳುತ್ತೇನೆ, ಮತ್ತೆ ಬಿಗಿಹಿಡಿಯುತ್ತೇನೆ. ಮಾರನೆಯ ದಿನ ಆಫೀಸಿನಲ್ಲಿ ಗಮನಿಸಿ ನೋಡಿದೆ. ನಿಜ. "ಆರ್ಗನೈಸೇಶನಲ್ ಅಪ್‌ಡೇಟ್" ಅನ್ನುವ ಮೀಟಿಂಗ್ ಕ್ಯಾಲೆಂಡರಿನಲ್ಲಿ ಕಂಡರೆ ಸಾಕು, ಉಸಿರು ಗಂಟಲಲ್ಲೇ ನಿಲ್ಲುತ್ತಿತ್ತು.

ಆಗ ಬರುವ ಆಲೋಚನೆಗಳ ಸರಣಿ ನಿಮಗೂ ಪರಿಚಿತವೇ ಇರಬೇಕು. ಲೇಆಫ್ ಆದರೆ? ಎಚ್-1ಬಿ ಇದ್ದರೆ 60 ದಿನ. 60 ದಿನದಲ್ಲಿ ಕೆಲಸ ಸಿಗದಿದ್ದರೆ? ಮನೆ ಖಾಲಿ ಮಾಡಬೇಕು, ಮಗಳ ಸ್ಕೂಲು ಬಿಡಿಸಬೇಕು, ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಮೈಸೂರಿನ ಫ್ಲ್ಯಾಟಿನ ಇಎಂಐ, ಅಪ್ಪನ ಆಂಜಿಯೋಪ್ಲಾಸ್ಟಿ, ಚಿಕ್ಕಪ್ಪನ ಮಗನ ಮುಂದೆ ಮುಖ ತೋರಿಸುವುದು ಹೇಗೆ... ಹತ್ತು ಸೆಕೆಂಡಿನಲ್ಲಿ ಒಂದು ಮೀಟಿಂಗಿನಿಂದ ಚಿಕ್ಕಪ್ಪನ ಮಗನ ತನಕ. ಗಲ್ಫ್‌ನಲ್ಲಿರುವವರಿಗೆ, ಬ್ರಿಟನ್ನಿನಲ್ಲಿ ಸ್ಕಿಲ್ಡ್ ವರ್ಕರ್ ವೀಸಾದಲ್ಲಿರುವವರಿಗೆ ವಿವರ ಬೇರೆ ಇರಬಹುದು, ಸರಣಿ ಇದೇ. ಕೆಲಸದ ಜೊತೆಗೆ ದೇಶದಲ್ಲಿರುವ ಹಕ್ಕನ್ನೂ ಕಟ್ಟಿಕೊಂಡವರಿಗೆ ಒಂದು ಇಮೇಲ್ ಬರೀ ಇಮೇಲ್ ಆಗಿರುವುದಿಲ್ಲ.

ಚಿತೆಗೂ ಚಿಂತೆಗೂ ಒಂದು ಸೊನ್ನೆಯಷ್ಟೇ ವ್ಯತ್ಯಾಸ ಅಂತ ನಮ್ಮಲ್ಲಿ ಹೇಳುತ್ತಾರೆ. ಚಿಂತೆ ಬಿಡು ಅಂತಲೂ ಹೇಳುತ್ತಾರೆ. ಬಿಡು ಅಂದರೆ ಬಿಡುತ್ತದೆಯೇ? ಡೇನಿಯಲ್ ವೆಗ್ನರ್ ಎಂಬ ಮನಶ್ಶಾಸ್ತ್ರಜ್ಞ 1987ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸರಳ: ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಅಂತ ಜನರಿಗೆ ಹೇಳಿದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ, ಈಗ ಬೇಕಾದರೆ ಯೋಚಿಸಿ ಅಂದಾಗ, ಮೊದಲಿನಿಂದಲೇ ಯೋಚಿಸಲು ಬಿಟ್ಟವರಿಗಿಂತ ಈ ತಡೆದುಕೊಂಡವರ ತಲೆಯಲ್ಲೇ ಕರಡಿ ಹೆಚ್ಚು ಓಡಾಡಿತು. ಲೇಆಫ್ ಬಗ್ಗೆ ಯೋಚಿಸಬಾರದು ಅಂತ ಹಲ್ಲು ಕಚ್ಚಿ ಮಲಗುವವನ ಕತೆಯೂ ಅದೇ.

ಆದ್ದರಿಂದ ಆಲೋಚನೆಯ ಜೊತೆ ಕುಸ್ತಿ ಬೇಡ. ಕೈಗೆ ಸಿಗುವುದು ಬೇರೆ ಒಂದಿದೆ. ಹೃದಯಕ್ಕೆ ನೀವು ನಿಧಾನ ಮಾಡು ಅಂತ ಹೇಳಲಾರಿರಿ, ಹೊಟ್ಟೆಗೆ ಸುಮ್ಮನಿರು ಅಂತ ಹೇಳಲಾರಿರಿ. ಉಸಿರಿಗೆ ಮಾತ್ರ ಹೇಳಬಹುದು. ಅದು ತಾನಾಗಿಯೂ ನಡೆಯುತ್ತದೆ, ನಾವು ನಡೆಸಿದರೂ ನಡೆಯುತ್ತದೆ. ಉಸಿರು ಒಳಗೆ ಎಳೆದಾಗ ಹೃದಯಬಡಿತ ತುಸು ವೇಗವಾಗುತ್ತದೆ, ಹೊರಗೆ ಬಿಟ್ಟಾಗ ತುಸು ನಿಧಾನವಾಗುತ್ತದೆ. ವೇಗಸ್ ನರದ ಕೆಲಸ ಅದು. ಹಾಗಾಗಿ ಬಿಡುವ ಉಸಿರನ್ನು ಎಳೆಯುವ ಉಸಿರಿಗಿಂತ ಉದ್ದ ಮಾಡಿದರೆ ದೇಹಕ್ಕೆ "ಹುಲಿ ಹೋಯಿತು" ಅನ್ನುವ ಸುದ್ದಿ ಮುಟ್ಟುತ್ತದೆ. ಹುಲಿ ನಿಜವಾಗಿ ಹೋಗಿರಬೇಕು ಅಂತೇನಿಲ್ಲ.

ಸ್ಟ್ಯಾನ್‌ಫರ್ಡ್‌ನವರ ಒಂದು ಅಧ್ಯಯನ 2023ರಲ್ಲಿ ಪ್ರಕಟವಾಯಿತು. ನೂರಕ್ಕೂ ಹೆಚ್ಚು ಜನ, ದಿನಕ್ಕೆ ಐದು ನಿಮಿಷ, ನಾಲ್ಕು ವಾರ. ಮೂರು ಗುಂಪಿಗೆ ಮೂರು ಬಗೆಯ ಉಸಿರಾಟ, ಒಂದು ಗುಂಪಿಗೆ ಧ್ಯಾನ. ಎಲ್ಲರಿಗೂ ಆತಂಕ ಸ್ವಲ್ಪ ಇಳಿಯಿತು. ಆದರೆ ಮನಸ್ಸಿನ ಉತ್ಸಾಹ ಹೆಚ್ಚು ಸುಧಾರಿಸಿದ್ದು ಒಂದು ಗುಂಪಿನಲ್ಲಿ: ಮೂಗಿನಿಂದ ಉಸಿರು ಎಳೆದು, ಅದರ ಮೇಲೆ ಇನ್ನೊಂದು ಚಿಕ್ಕ ಉಸಿರು ಸೇರಿಸಿ, ಬಾಯಿಂದ ನಿಧಾನವಾಗಿ ಉದ್ದಕ್ಕೆ ಬಿಟ್ಟವರು. ಇದೇನು ಅಂತ ಎರಡು ಸಲ ಓದಿ ನಗು ಬಂತು. ಇದು ನಿಟ್ಟುಸಿರು! ಚಿಕ್ಕವನಾಗಿದ್ದಾಗ ಊಟಕ್ಕೆ ಕೂತು ನಿಟ್ಟುಸಿರು ಬಿಟ್ಟರೆ "ಯಾಕೋ ಹಾಗೆ ಉಸಿರು ಬಿಡ್ತೀಯ, ಮನೆಗೆ ಒಳ್ಳೇದಲ್ಲ" ಅಂತ ಅಜ್ಜಿ ಗದರುತ್ತಿದ್ದಳು. ದೇಹಕ್ಕೆ ತನ್ನ ಔಷಧಿ ಗೊತ್ತಿತ್ತು, ನಾವು ಬಾಯಿ ಮುಚ್ಚಿಸಿದ್ದೆವು.

ಇನ್ನೊಂದು ಹಳೆಯ ಅಧ್ಯಯನ 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದದ್ದು. ಲ್ಯಾಟಿನ್‌ನಲ್ಲಿ ಜಪಮಾಲೆಯ ಪ್ರಾರ್ಥನೆ ಹೇಳುವಾಗಲೂ, ಒಂದು ಮಂತ್ರ ಹೇಳುವಾಗಲೂ ಉಸಿರು ತಾನಾಗಿ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು ಅಂತ ಕಂಡುಕೊಂಡರು. ಅಮ್ಮ ಸಂಜೆ ದೀಪ ಹಚ್ಚಿ ಕೂತು ಜಪ ಮಾಡುವಾಗ ಅವಳ ಉಸಿರು ಎಷ್ಟಿರುತ್ತದೆ ಅಂತ ನಾನು ಯಾವತ್ತೂ ಎಣಿಸಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಎಣಿಸಬೇಕು.

ನಾನಾದರೋ ಇದೆಲ್ಲ ಕಲಿತದ್ದು ತಿಂಗಳಿಗೆ ಇಷ್ಟು ಡಾಲರ್ ಅಂತ ಚಂದಾ ಕಟ್ಟಿಸಿಕೊಂಡ ಒಂದು ಆ್ಯಪ್‌ನಿಂದ. ಅಪ್ಪಟ ಅಮೆರಿಕನ್ ದನಿಯೊಂದು ನನಗೆ "ಪ್ರಾಣಾಯಾಮಾ" ಅಂತ ಕಲಿಸಿತು. ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು ಯೋಗ ಕಲಿಸಿದ ಊರಿನ ಹುಡುಗ ನಾನು. ಅವರಲ್ಲಿ ಕಲಿತ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಜಗತ್ತಿಗೆಲ್ಲ ಹಂಚಿದರು. ಮನೆಯ ನೀರನ್ನು ಬಾಟಲಿಯಲ್ಲಿ ಕೊಂಡು ಕುಡಿಯುವುದು ನಮಗೆ ಹೊಸದೇನಲ್ಲ. ಮೂರನೇ ತಿಂಗಳಿಗೆ ಚಂದಾ ನಿಲ್ಲಿಸಿದೆ.

ನಾನು ಮಾಡುವುದು ಇಷ್ಟೇ. ಎಚ್ಚರವಾದಾಗ ಫೋನ್ ಮುಟ್ಟುವುದಿಲ್ಲ. ಅದು ಈಗ ಅಡುಗೆಮನೆಯಲ್ಲಿ ಮಲಗುತ್ತದೆ. ಅಂಗಾತ ಮಲಗಿ ಹೊಟ್ಟೆಯ ಮೇಲೆ ಒಂದು ಕೈ. ಮೂಗಿನಿಂದ ನಾಲ್ಕು ಎಣಿಸುವಷ್ಟು ಎಳೆದುಕೊಳ್ಳುವುದು, ಆರೋ ಏಳೋ ಎಣಿಸುವಷ್ಟು ಬಿಡುವುದು. ಎಣಿಕೆ ತಪ್ಪುತ್ತದೆ, ತಪ್ಪಿದರೆ ಮತ್ತೆ ಒಂದರಿಂದ. ಮಧ್ಯೆ ಆಲೋಚನೆ ಬಂದೇ ಬರುತ್ತದೆ. ಬಂದಾಗ ಅದಕ್ಕೊಂದು ಹೆಸರಿಡುತ್ತೇನೆ: "ಇದು ವೀಸಾ", "ಇದು ಅಪ್ಪ", "ಇದು ಚಿಕ್ಕಪ್ಪನ ಮಗ". ಹೆಸರಿಟ್ಟರೆ ಅದು ಸುದ್ದಿಯಿಂದ ಬರೀ ಆಲೋಚನೆಯ ಮಟ್ಟಕ್ಕೆ ಇಳಿಯುತ್ತದೆ. ಐದರಿಂದ ಹತ್ತು ನಿಮಿಷ. ಕೆಲವೊಮ್ಮೆ ನಿದ್ದೆ ಬರುತ್ತದೆ, ಹಲವು ಸಲ ಬರುವುದಿಲ್ಲ. ನಿದ್ದೆ ಬರಲೇಬೇಕು ಅಂತ ಮಾಡಿದರೆ ಅದೂ ಇನ್ನೊಂದು ಕರಡಿಯಾಗುತ್ತದೆ. ತಲೆ ಸುತ್ತಿದರೆ, ಉಸಿರು ಗಮನಿಸುವುದೇ ಗಾಬರಿ ಹೆಚ್ಚಿಸಿದರೆ ನಿಲ್ಲಿಸಿಬಿಡಿ. ಎಲ್ಲರಿಗೂ ಇದು ಹಿಡಿಸುವುದಿಲ್ಲ. ಅಸ್ತಮಾ, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಮಾಡಿ.

ಇದರಿಂದ ಹಣ ಬರುವುದಿಲ್ಲ, ವೀಸಾ ಸಿಗುವುದಿಲ್ಲ. ಗುಂಡಿ ಮತ್ತು ಬೆರಳಿನ ನಡುವೆ ಹತ್ತು ನಿಮಿಷ ಸಿಗುತ್ತದೆ. 2020ರ ಆ ರಾತ್ರಿ ನನ್ನ ಹತ್ತಿರ ಇರದಿದ್ದದ್ದು ಆ ಹತ್ತು ನಿಮಿಷ.

ಅರವತ್ತು ದಿನ

2023ರ ಜನವರಿಯಲ್ಲಿ ಹೆದರಿದ್ದೇ ಆಯಿತು. ಕೆಲಸದ ಕೊನೆಯ ದಿನ ಜನವರಿ 20. ಅಂದರೆ ಮಾರ್ಚ್ 21ರ ಒಳಗೆ ಹೊಸ ಕಂಪನಿ ನನ್ನ ಪರವಾಗಿ ಅರ್ಜಿ ಹಾಕಿರಬೇಕು. ಸಂಬಳ ಕೊಡುವ ಕೊನೆಯ ದಿನದ ಮರುದಿನದಿಂದ ಎಣಿಕೆ; ಐ-94 ಅದಕ್ಕೂ ಮೊದಲೇ ಮುಗಿಯುವುದಾದರೆ ಅಷ್ಟು ದಿನವೂ ಇಲ್ಲ. ಆಫರ್ ಸಿಕ್ಕಿದರೆ ಸಾಲದು, ಕಾರ್ಮಿಕ ಇಲಾಖೆಯ ಎಲ್‌ಸಿಎ ಆಗಲು ಏಳು ಕೆಲಸದ ದಿನ ಬೇಕು. ಹಾಗಾಗಿ 60 ಅಂದರೆ ನಿಜಕ್ಕೂ ನಲವತ್ತೈದು ಅಂತಿಟ್ಟುಕೊಳ್ಳಿ.

ಇಂಥ ಸಮಯದಲ್ಲಿ "ಉಸಿರಾಡಿ, ಎಲ್ಲ ಒಳ್ಳೇದಾಗುತ್ತೆ" ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಎಲ್ಲ ಒಳ್ಳೆಯದಾಗುತ್ತದೆ ಅಂತ ಯಾರೂ ಹೇಳಲಾರರು. ಆದರೆ ಒಂದು ಸಂಗತಿ ಗಮನಿಸಿದೆ. ಮೊದಲ ವಾರ ರಾತ್ರಿಯ ಲೆಕ್ಕದಲ್ಲಿ ನಮ್ಮ ಹತ್ತಿರ ಎರಡು ತಿಂಗಳ ದುಡ್ಡೂ ಇರಲಿಲ್ಲ. ಒಂದು ಬೆಳಿಗ್ಗೆ ಹತ್ತು ನಿಮಿಷ ಉಸಿರಾಡಿ, ಕಾಫಿ ಕುಡಿದು, ಹೆಂಡತಿಯ ಜೊತೆ ಕೂತು ಕಾಗದದ ಮೇಲೆ ಬರೆದೆ. ತಿಂಗಳ ಖರ್ಚು, ಮೈಸೂರಿನ ಇಎಂಐ ಸೇರಿ, 5,800 ಡಾಲರ್. ಕೋಬ್ರಾ ಮೂಲಕ ಕುಟುಂಬದ ಆರೋಗ್ಯ ವಿಮೆ ಮುಂದುವರಿಸಿದರೆ ಇನ್ನೊಂದು 1,900. ಒಟ್ಟು 7,700. ಎಮರ್ಜೆನ್ಸಿ ಫಂಡ್ 31,000. ನಾಲ್ಕು ತಿಂಗಳು. ಕಂಪನಿ ಕೊಟ್ಟ ಎಂಟು ವಾರದ ಸಂಬಳ ಇದರಲ್ಲಿ ಸೇರಿಲ್ಲ. ಅದೇ ಮನುಷ್ಯ, ಅದೇ ಬ್ಯಾಂಕ್ ಖಾತೆ. ರಾತ್ರಿ ಎರಡು ತಿಂಗಳಿಗೂ ಸಾಲದ್ದು ಬೆಳಿಗ್ಗೆ ನಾಲ್ಕು ತಿಂಗಳಿಗೆ ಸಾಕಾಗಿ ಸ್ವಲ್ಪ ಮಿಕ್ಕಿತು.

ಹಣದ ಚಿಂತೆ ಬುದ್ಧಿಯನ್ನೇ ತಿನ್ನುತ್ತದೆ ಅನ್ನುವುದಕ್ಕೆ 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನವಿದೆ. ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕಟಾವಿನ ಮುಂಚೆ, ಕೈಯಲ್ಲಿ ಕಾಸಿಲ್ಲದಾಗ, ಮತ್ತು ಕಟಾವಾಗಿ ದುಡ್ಡು ಬಂದ ಮೇಲೆ ಪರೀಕ್ಷಿಸಿದರು. ಅದೇ ರೈತ ದುಡ್ಡು ಬರುವ ಮೊದಲು ಪರೀಕ್ಷೆಯಲ್ಲಿ ಹಿಂದೆ ಬಿದ್ದ. ಮಂಡ್ಯದ ಕಬ್ಬಿನ ಗದ್ದೆಯ ಪಕ್ಕದಲ್ಲಿ ಬೆಳೆದವರಿಗೆ ಇದನ್ನು ಸಂಶೋಧನೆ ಮಾಡಿ ಹೇಳಬೇಕಾಗಿಲ್ಲ.

ಆ ಕಾಗದದಲ್ಲಿ ಇನ್ನೊಂದು ಕೆಲಸ ಮಾಡಿದೆ. ತಲೆಯಲ್ಲಿ ಸುತ್ತುತ್ತಿದ್ದ ಪ್ರತಿ ಆಲೋಚನೆಯನ್ನೂ ಬರೆದು, ಇದಕ್ಕೆ ಇವತ್ತು ಮಾಡಬಹುದಾದ ಕೆಲಸ ಏನಾದರೂ ಇದೆಯೇ ಅಂತ ಕೇಳಿಕೊಂಡೆ. ವಿಮೆಯ ಚಿಂತೆಗೆ ಕೆಲಸ ಇತ್ತು: ಕೋಬ್ರಾ ಆಯ್ಕೆಗೆ ಕನಿಷ್ಠ 60 ದಿನ ಸಮಯ ಇರುತ್ತದೆ, ಆಮೇಲೆ ಆರಿಸಿದರೂ ಹಿಂದಿನ ದಿನದಿಂದಲೇ ಅನ್ವಯ, ಹಾಗಾಗಿ ಮೊದಲ ದಿನವೇ ಚೆಕ್ ಬರೆಯಬೇಕಾಗಿಲ್ಲ. 401(ಕೆ) ಮುರಿಯಬೇಕೇ ಅನ್ನುವುದಕ್ಕೆ ಉತ್ತರ ಇತ್ತು: ಐವತ್ತೊಂಬತ್ತೂವರೆ ವಯಸ್ಸಿಗೆ ಮೊದಲು ತೆಗೆದರೆ ಸಾಮಾನ್ಯವಾಗಿ ತೆರಿಗೆಯ ಮೇಲೆ ಶೇ. 10 ದಂಡ, ನಾಲ್ಕು ತಿಂಗಳು ಮುಗಿಯುವ ತನಕ ಆ ಮಾತೇ ಬೇಡ. ಚಿಕ್ಕಪ್ಪನ ಮಗನ ವಿಷಯಕ್ಕೆ ಮಾಡುವ ಕೆಲಸ ಏನೂ ಇರಲಿಲ್ಲ. ಅಂಥವು ರಾತ್ರಿಗೆ, ಉಸಿರಿನ ಪಾಲಿಗೆ.

ಉಪಕಾರ ಸ್ಮರಣೆ

ಕೃತಜ್ಞತೆಯ ವಿಷಯಕ್ಕೆ ನಾನು ತಡವಾಗಿ ಬಂದೆ, ಅದೂ ಗೊಣಗುತ್ತಾ. ಗ್ರ್ಯಾಟಿಟ್ಯೂಡ್ ಜರ್ನಲ್ ಅಂದರೆ ಹೂವಿನ ಚಿತ್ರದ ದುಬಾರಿ ಪುಸ್ತಕ ಅಂತ ನನ್ನ ಭಾವನೆ. "ನಿನಗಿಂತ ಕಷ್ಟದಲ್ಲಿರುವವರನ್ನು ನೋಡು" ಅನ್ನುವುದು ನಮ್ಮ ಮನೆಗಳ ಆವೃತ್ತಿ. ಅದು ಕೃತಜ್ಞತೆ ಅಲ್ಲ, ಹೋಲಿಕೆ. ಹೋಲಿಕೆಗೆ ಯಾವಾಗಲೂ ಎರಡನೇ ತುದಿ ಇರುತ್ತದೆ. ಕೆಳಗೆ ನೋಡಲು ಕಲಿತ ಕಣ್ಣು ಮೇಲೂ ನೋಡುತ್ತದೆ.

ಎಮ್ಮನ್ಸ್ ಮತ್ತು ಮೆಕಲಾ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಗುಂಪು ವಾರಕ್ಕೊಮ್ಮೆ, ಹತ್ತು ವಾರ, ತಾವು ಕೃತಜ್ಞರಾಗಿರುವ ಐದು ಸಂಗತಿ ಬರೆಯಿತು. ಇನ್ನೊಂದು ಗುಂಪು ಐದು ಕಿರಿಕಿರಿ ಬರೆಯಿತು. ಮೊದಲ ಗುಂಪಿನವರಿಗೆ ತಮ್ಮ ಬದುಕಿನ ಬಗ್ಗೆ, ಬರುವ ವಾರದ ಬಗ್ಗೆ ಸ್ವಲ್ಪ ಹೆಚ್ಚು ಸಮಾಧಾನ ಇತ್ತು. ಇದು ನನ್ನನ್ನು ಒಪ್ಪಿಸಲಿಲ್ಲ. ಒಪ್ಪಿಸಿದ್ದು 2014ರ ಇನ್ನೊಂದು. ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಡೇವಿಡ್ ಡಿಸ್ಟೆನೊ ಮತ್ತು ಸಂಗಡಿಗರು ಜನರಿಗೆ ತಮಗೆ ಉಪಕಾರವಾದ ಒಂದು ಘಟನೆ, ಇಲ್ಲವೇ ಸಂತೋಷದ ಘಟನೆ, ಇಲ್ಲವೇ ಒಂದು ಸಾಧಾರಣ ದಿನ ನೆನಪಿಸಿಕೊಂಡು ಬರೆಯಲು ಹೇಳಿದರು. ಆಮೇಲೆ ಕೇಳಿದರು: ಈಗಲೇ ಇಷ್ಟು ದುಡ್ಡು ಬೇಕೋ, ಕೆಲವು ತಿಂಗಳ ನಂತರ ಹೆಚ್ಚು ಬೇಕೋ? ಮೂರು ತಿಂಗಳ ನಂತರ ಸಿಗುವ 85 ಡಾಲರನ್ನು ಬಿಟ್ಟುಕೊಡಲು ಉಳಿದವರಿಗೆ ಈಗಲೇ 55 ಡಾಲರ್ ಕೊಟ್ಟರೆ ಸಾಕಾಗಿತ್ತು. ಉಪಕಾರ ನೆನೆದವರು 63 ಕೇಳಿದರು. ಗಮನಿಸಿ, ಸಂತೋಷದ ಘಟನೆ ನೆನೆದವರಿಗೂ ಸಾಧಾರಣ ದಿನ ನೆನೆದವರಿಗೂ ವ್ಯತ್ಯಾಸವಿರಲಿಲ್ಲ. ತಾಳ್ಮೆ ಕೊಟ್ಟದ್ದು ಖುಷಿ ಅಲ್ಲ, ಉಪಕಾರದ ನೆನಪು.

ಹಣಕಾಸಿನವನಿಗೆ ಇದು ಕಿವಿ ನಿಮಿರಿಸುವ ಸಂಖ್ಯೆ. ನಮ್ಮ ಹೂಡಿಕೆಯ ಧರ್ಮವೆಲ್ಲ ನಿಂತಿರುವುದು ನಾಳೆಯ 85ಕ್ಕಾಗಿ ಇವತ್ತಿನ 55ನ್ನು ಬಿಡುವುದರ ಮೇಲೆ.

ಯಾಕೆ ಹೀಗೆ? ನನ್ನ ಊಹೆ ಇಷ್ಟು. ರಾತ್ರಿಯ ಚಿಂತೆ ಒಂದು ಅರ್ಧ ಬ್ಯಾಲೆನ್ಸ್ ಶೀಟ್. ಅದರಲ್ಲಿ ಸಾಲದ ಪಟ್ಟಿ ಮಾತ್ರ ಇರುತ್ತದೆ, ಆಸ್ತಿಯ ಕಾಲಂ ಖಾಲಿ. ಉಪಕಾರ ಸ್ಮರಣೆ ಅಂದರೆ ಆ ಇನ್ನೊಂದು ಕಾಲಂ ತುಂಬುವುದು. ಸಾಲ ಅಳಿಸುವುದಲ್ಲ.

ಅಭ್ಯಾಸದಲ್ಲಿ ಒಂದು ವಿಷಯ ಕಲಿತೆ. "ಕುಟುಂಬ, ಆರೋಗ್ಯ, ಸ್ನೇಹಿತರು" ಅಂತ ಬರೆದರೆ ಮೂರನೇ ದಿನಕ್ಕೆ ಅದು ಸಂಕಲ್ಪ ಮಂತ್ರದ ಹಾಗೆ ಬಾಯಿಪಾಠವಾಗುತ್ತದೆ. ಒಬ್ಬ ಮನುಷ್ಯ, ಒಂದು ಕೆಲಸ, ಒಂದು ದಿನ ಇರಬೇಕು. ನನ್ನ ಮಗಳ ಹಳೆಯ ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಆ ಫೆಬ್ರವರಿಯ ಬರಹ ಹೀಗಿದೆ: "ಇಂಟರ್‌ವ್ಯೂ ಎರಡು ಗಂಟೆ ಎಳೆಯಿತು, ಎದುರು ಮನೆಯವರು ಮಗಳನ್ನು ಸ್ಕೂಲಿನಿಂದ ಕರೆತಂದು ಉಪ್ಪಿಟ್ಟು ಕೊಟ್ಟಿದ್ದರು." "ಹಳೆಯ ಮ್ಯಾನೇಜರ್ ತಾನಾಗಿ ಫೋನ್ ಮಾಡಿದ, ಕೆಲಸದ ಮಾತೇ ಎತ್ತಲಿಲ್ಲ." "1998ರಲ್ಲಿ ಕಾಲೇಜಿನ ಫೀಸಿಗೆ ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದಿದ್ದು. ನನಗೆ ಗೊತ್ತಾಗಿದ್ದು ಸಾಲ ತೀರಿದ ಮೇಲೆ."

ನಮ್ಮಲ್ಲಿ ಥ್ಯಾಂಕ್ಸ್ ಹೇಳುವ ರೂಢಿ ಇಲ್ಲ ಅಂತಾರೆ. ನಿಜ, ಮನೆಯವರಿಗೆ ಥ್ಯಾಂಕ್ಸ್ ಅಂದರೆ ಏನೋ ಪರಕೀಯ. ಆದರೆ ನೀರು ಕೊಟ್ಟವರಿಗೆ "ನಿನ್ನ ಹೊಟ್ಟೆ ತಣ್ಣಗಿರಲಿ" ಅನ್ನುವ ಭಾಷೆ ನಮ್ಮದು. ಅದು ಥ್ಯಾಂಕ್ಸ್‌ಗಿಂತ ತೂಕದ ಮಾತು.

ಅಪ್ಪನ ಸೊಸೈಟಿ ಸಾಲದ ಸಾಲು ಬರೆದ ಮೇಲೆ ನನಗೆ ಒಂದು ವಿಷಯ ಅಸಹ್ಯವಾಯಿತು. ಒಂದು ತಿಂಗಳಿಂದ ಪ್ರತಿ ಭಾನುವಾರದ ಫೋನಿನಲ್ಲಿ "ಎಲ್ಲ ಚೆನ್ನಾಗಿದೆ, ಕೆಲಸ ಜಾಸ್ತಿ" ಅಂತ ಸುಳ್ಳು ಹೇಳುತ್ತಿದ್ದೆ. ಹಿಂದೆ ಗುಡಿಸಲು ಹತ್ತಿದ ಬೆಂಕಿಯನ್ನು ಮುಂದೆ ರಂಗೋಲಿ ಹಾಕಿ ಮುಚ್ಚಿದ ಹಾಗೆ. ಆ ಭಾನುವಾರ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟಕ್ಕೇನೂ ತೊಂದರೆ ಇಲ್ಲ ತಾನೆ?" ಅಂತ ಕೇಳಿದರು. ಇಲ್ಲ ಅಂದೆ. "ಹಾಗಾದ್ರೆ ಸರಿ. ಇಎಂಐ ಬೇಕಾದ್ರೆ ನಾಲ್ಕು ತಿಂಗಳು ನಾನು ನೋಡ್ಕೋತೀನಿ" ಅಂದರು. ಅವರ ಪೆನ್ಷನ್ ಎಷ್ಟು ಅಂತ ನನಗೆ ಗೊತ್ತು. ಆಗುತ್ತಿರಲಿಲ್ಲ. ಆದರೂ ಆ ರಾತ್ರಿ ಆರು ಗಂಟೆ ನಿದ್ದೆ ಮಾಡಿದೆ.

41ನೇ ದಿನ ಒಂದು ಆಫರ್ ಬಂತು, ಹಿಂದಿನ ಸಂಬಳಕ್ಕಿಂತ ಕಡಿಮೆಗೆ. 55ನೇ ದಿನ ಅರ್ಜಿ ಸಲ್ಲಿಕೆಯಾಯಿತು. ಇದು ಉಸಿರಾಟದಿಂದ ಆಯಿತು ಅಂತ ಹೇಳಿದರೆ ನನ್ನನ್ನು ನಂಬಬೇಡಿ. ನನ್ನಷ್ಟೇ ಉಸಿರಾಡಿದ, ನನಗಿಂತ ಜಾಣನಾದ ಗೆಳೆಯನೊಬ್ಬ ಆ ವರ್ಷ ಊರಿಗೆ ವಾಪಸ್ ಹೋದ.

ಎಲ್ಲಿ ಇದು ಕೆಲಸಕ್ಕೆ ಬಾರದು

ಒಂದು ಎಚ್ಚರಿಕೆ ಕೊಡಲೇಬೇಕು, ಯಾಕೆಂದರೆ ನಮ್ಮಲ್ಲಿ ಈ ತಪ್ಪು ಬಹಳ. ಉಪಕಾರ ಸ್ಮರಣೆ ಬೇರೆ, ಋಣಭಾರ ಬೇರೆ. "ಇವರು ನನ್ನ ಗ್ರೀನ್ ಕಾರ್ಡ್ ಹಾಕಿದ್ದಾರೆ" ಅಂತ ಹತ್ತು ವರ್ಷ ಮಾರುಕಟ್ಟೆಗಿಂತ ಬಹಳ ಕಡಿಮೆ ಸಂಬಳಕ್ಕೆ ದುಡಿಯುವ, ವಾರಾಂತ್ಯದ ಫೋನ್ ಎತ್ತುವ, ಸಂಬಳ ಏರಿಸಿ ಅಂತ ಕೇಳಲು ನಾಚುವ ಎಷ್ಟು ಜನರನ್ನು ನೋಡಿದ್ದೇನೆ. ಕಂಪನಿ ಅರ್ಜಿ ಹಾಕಿದ್ದು ನೀವು ಅವರಿಗೆ ಬೇಕಾಗಿದ್ದಕ್ಕೆ. ನಿಮ್ಮನ್ನು ಸಹೋದ್ಯೋಗಿಯಂತೆ ಕಂಡ ಒಬ್ಬ ಮ್ಯಾನೇಜರಿಗೆ, ರಾತ್ರಿ ಕೂತು ಕಾಗದ ಸರಿಪಡಿಸಿದ ಒಬ್ಬ ಪ್ಯಾರಾಲೀಗಲ್‌ಗೆ ಕೃತಜ್ಞರಾಗಿರಿ. ಪೇರೋಲ್ ವಿಭಾಗಕ್ಕೆ ಆಗಬೇಕಾಗಿಲ್ಲ. ನಿಮ್ಮ ನೋಟ್‌ಬುಕ್ಕಿನ ಸಾಲು ಸಂಬಳದ ಚೌಕಾಶಿಯಲ್ಲಿ ನಿಮ್ಮ ಬಾಯಿ ಕಟ್ಟುತ್ತಿದ್ದರೆ ಆ ಸಾಲನ್ನು ಹೊಡೆದುಹಾಕಿ.

ಇನ್ನೊಂದು ಇದಕ್ಕಿಂತ ಗಂಭೀರ. ಕೆಲವು ಆಲೋಚನೆಗಳು ಉಸಿರಾಡಿ ದಾಟಿಸುವಂಥವಲ್ಲ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಊಟ ಸೇರದಿದ್ದರೆ, ಎದ್ದು ಸ್ನಾನ ಮಾಡಲೂ ಆಗದಿದ್ದರೆ ಅದು ಡಾಕ್ಟರರ ಕೆಲಸ. ಹಲವು ಕಂಪನಿಗಳಲ್ಲಿ ಎಂಪ್ಲಾಯೀ ಅಸಿಸ್ಟೆನ್ಸ್ ಪ್ರೋಗ್ರಾಂ ಇರುತ್ತದೆ, ಕೆಲವು ಕೌನ್ಸೆಲಿಂಗ್ ಸೆಷನ್ ಉಚಿತ. ನಾವು ಡೆಂಟಲ್ ಬೆನಿಫಿಟ್ ಓದುವಷ್ಟು ಶ್ರದ್ಧೆಯಿಂದ ಅದನ್ನು ಓದಿರುವುದಿಲ್ಲ. ಹಣಕಾಸಿನವರ ನಡುವೆ ಒಂದು ಆಲೋಚನೆ ತಣ್ಣಗಿನ ಲೆಕ್ಕದ ವೇಷದಲ್ಲಿ ಬರುತ್ತದೆ: "ನಾನಿಲ್ಲದಿದ್ದರೆ ಟರ್ಮ್ ಇನ್ಶೂರೆನ್ಸ್ ದುಡ್ಡಾದರೂ ಇವರಿಗೆ ಸಿಗುತ್ತಿತ್ತು." ಅದು ಲೆಕ್ಕ ಅಲ್ಲ, ಕಾಯಿಲೆಯ ಲಕ್ಷಣ. ಆ ಆಲೋಚನೆ ಬಂದ ರಾತ್ರಿ ಬೆಳಗಾಗಲಿ ಅಂತ ಕಾಯಬೇಡಿ. ಪಕ್ಕದಲ್ಲಿರುವವರನ್ನು ಎಬ್ಬಿಸಿ ಹೇಳಿ. ಅಮೆರಿಕ, ಕೆನಡಾದಲ್ಲಿ 988. ಬ್ರಿಟನ್ನಿನಲ್ಲಿ 116 123. ಆಸ್ಟ್ರೇಲಿಯಾದಲ್ಲಿ 13 11 14. ಊರಿನಲ್ಲಿರುವ ನಿಮ್ಮವರಿಗೆ ಟೆಲಿ ಮಾನಸ್, 14416. ರಾತ್ರಿ ಮೂರಕ್ಕೂ ಎತ್ತುತ್ತಾರೆ.

2025ರ ಏಪ್ರಿಲ್ 3 ಮತ್ತು 4ರಂದು, ಸುಂಕದ ಘೋಷಣೆಯ ಮೇಲೆ, ಎಸ್ ಅಂಡ್ ಪಿ 500 ಎರಡೇ ದಿನದಲ್ಲಿ ಶೇ. 10ಕ್ಕೂ ಹೆಚ್ಚು ಬಿತ್ತು. ಭಾನುವಾರ ರಾತ್ರಿ ಮಲಗಿದವನಿಗೆ ಮೂರು ಗಂಟೆಗೆ ಎಚ್ಚರವಾಯಿತು. ಎದೆ ಹೊಡೆದುಕೊಳ್ಳುತ್ತಿತ್ತು, ಐದು ವರ್ಷದ ಹಿಂದಿನಷ್ಟೇ ಜೋರಾಗಿ. ಊರಿನಲ್ಲಿ ಹನ್ನೆರಡೂವರೆ, ನಿಫ್ಟಿ ಏನಾಗಿರಬಹುದು ಅಂತ ಬೆರಳು ತುರಿಸಿತು. ಫೋನ್ ಅಡುಗೆಮನೆಯಲ್ಲಿತ್ತು. ನಾಲ್ಕು ಎಳೆದು ಆರು ಬಿಡುತ್ತಾ ಮಲಗಿದೆ. "ಇದು 401(ಕೆ)." "ಇದು ಮಗಳ ಕಾಲೇಜು." ಸುಮಾರು ಹೊತ್ತಾದ ಮೇಲೂ ನಿದ್ದೆ ಬರಲಿಲ್ಲ. ಎದ್ದು ಹೋಗಿ ನೀರು ಕುಡಿದು, ಫೋನನ್ನು ಮಗುಚಿ ಇಟ್ಟು, ನೋಟ್‌ಬುಕ್ ತೆಗೆದೆ. ಆ ರಾತ್ರಿಯ ಸಾಲು: "ಅಮ್ಮ ಕಳಿಸಿದ ಹುರಿಗಾಳು ಇನ್ನೂ ಅರ್ಧ ಡಬ್ಬಿ ಇದೆ. ಭಾರ ಜಾಸ್ತಿಯಾಯಿತು ಅಂತ ಏರ್‌ಪೋರ್ಟಿನಲ್ಲಿ ತೆಗೆಯಲು ಹೋದಾಗ, ಹಿಂದೆ ನಿಂತಿದ್ದ ಹುಡುಗ ತನ್ನ ಬ್ಯಾಗಿನಲ್ಲಿ ಹಾಕಿಕೊಂಡು ತಂದ." ಅವನ ಹೆಸರು ಕೇಳಿರಲಿಲ್ಲ. ಅದನ್ನೂ ಬರೆದು, ಒಂದು ಮುಷ್ಟಿ ಹುರಿಗಾಳು ತಿಂದು, ದೀಪ ಆರಿಸಿದೆ.